ಎಡೆಗೆ ಇಟ್ಟ ನೀರು

ಸತ್ತವರು ತಿರುಗಿ ಬರುತ್ತಾರೆ ಎಂದು ಯಾರಾದರೂ ನನ್ನೆದುರು ಹೇಳಿದರೆ ನಾನು ಸುಮ್ಮನಿರುವ ಪೈಕಿಯಲ್ಲ. "ಬಂದು ಏನ್ ಮಾಡ್ತಾರಂತೆ, ಪಾತ್ರೆ ತೊಳೆದು ಹೋಗ್ತಾರಾ" ಎಂದು ಕೇಳಿ ಎಷ್ಟೋ ಜನರ ಬಾಯಿ ಮುಚ್ಚಿಸಿದ್ದೇನೆ. ನಮ್ಮ ತಾಯಿಯ ತಿಥಿಯ ದಿನ ಕಾಗೆ ಬರಲಿಲ್ಲವೆಂದು ತಂಗಿ ಕಣ್ಣೀರು ಹಾಕುತ್ತಿದ್ದಾಗ, ಈಗ ಊರಲ್ಲಿ ಕಾಗೆಗಳೇ ಕಮ್ಮಿಯಾಗಿವೆ ಕಣೇ, ಬಾ ಊಟ ಮಾಡೋಣ ಎಂದು ಎಲೆ ಎಳೆದುಕೊಂಡವಳು ನಾನು. ಹಾಗಾಗಿ ಈಗ ಬರೆಯಲು ಹೊರಟಿರುವುದನ್ನು ಓದಿ ನೀವು ನಕ್ಕರೆ ನನಗೇನೂ ಬೇಸರವಿಲ್ಲ. ನಿಮ್ಮ ಜಾಗದಲ್ಲಿ ನಾನಿದ್ದಿದ್ದರೆ ನಿಮಗಿಂತ ಜೋರಾಗಿಯೇ ನಗುತ್ತಿದ್ದೆ.

ನಾನು ಹೊಲಿಗೆ ಕಲಿಸುವವಳು. ಹಳ್ಳಿಯ ಹೆಂಗಸರ ಸಂಘಗಳಿಗೆ ಹೋಗಿ ರವಿಕೆ ಕತ್ತರಿಸುವುದು, ಸೀರೆಗೆ ಫಾಲ್ಸ್ ಹಾಕುವುದು, ಚೂಡಿದಾರಕ್ಕೆ ಅಳತೆ ತೆಗೆಯುವುದು, ಇಷ್ಟನ್ನು ಹೇಳಿಕೊಟ್ಟು ಬರುವುದು ನನ್ನ ಕೆಲಸ. ವಾರದಲ್ಲಿ ಕೆಲವು ದಿನ ಗುಬ್ಬಿ ಕಡೆ, ಕೆಲವು ದಿನ ಕುಣಿಗಲ್ ಕಡೆ, ಸ್ಕೂಟರಿನ ಮುಂದೆ ಬಟ್ಟೆಯ ಗಂಟು ಇಟ್ಟುಕೊಂಡು ಸುತ್ತುತ್ತೇನೆ. ತುಮಕೂರಿನಲ್ಲಿ ಎರಡನೇ ಮಹಡಿಯಲ್ಲಿ ಬಾಡಿಗೆ ಮನೆ. ಒಬ್ಬಳೇ ಇರುವುದು. ಯಾಕೆ ಮದುವೆಯಾಗಲಿಲ್ಲ ಎಂದು ಕೇಳುವವರಿಗೆ, ಯಾರ ಅಳತೆಯೂ ಸರಿಹೋಗಲಿಲ್ಲ ಎಂದು ಹೇಳಿ ಸಾಗಹಾಕುತ್ತೇನೆ.

ಕೆಲವು ವರ್ಷಗಳ ಹಿಂದೆ, ಗಣೇಶನ ಹಬ್ಬ ಕಳೆದ ಹೊಸದರಲ್ಲಿ, ನಿಟ್ಟೂರಿನಿಂದ ಒಳಗಿರುವ ಒಂದು ಹಳ್ಳಿಗೆ ಹೋಗುತ್ತಿದ್ದೆ. ನಮ್ಮ ಕಡೆಯ ಜನ ಬೆಳೆ ಕಿತ್ತು ತಂದರೆ ಕಣ ಮಾಡುವ ಗೋಜಿಗೆ ಹೋಗದೆ ಟಾರು ರಸ್ತೆಯ ಮೇಲೆ ಹರಡಿಬಿಡುತ್ತಾರೆ. ಹೋಗಿ ಬರುವ ಗಾಡಿಗಳೇ ತುಳಿದು ಕಾಳು ಬಿಡಿಸಿಕೊಡಲಿ ಎಂದು. ಅವತ್ತು ತಿರುವಿನಲ್ಲೇ ಹೆಸರುಕಾಳಿನ ಗಿಡ ಹಾಸಿದ್ದರು. ಬಸ್ಸು ಕಾರುಗಳಿಗೆ ಅದು ಲೆಕ್ಕಕ್ಕಿಲ್ಲ. ನನ್ನ ಸ್ಕೂಟರಿನ ಚಕ್ರಕ್ಕೆ ಮಾತ್ರ ಆ ಬಳ್ಳಿ ಸುತ್ತಿಕೊಂಡು, ಅಡಿಯಲ್ಲಿದ್ದ ಕಾಳಿನ ಮೇಲೆ ಜಾರಿ, ಗಾಡಿ ಒಂದು ಕಡೆ, ನಾನು ಒಂದು ಕಡೆ ಬಿದ್ದೆವು. ಏಳೋಣವೆಂದು ಬಲಗಾಲು ಊರಿದರೆ ಜೀವ ಬಾಯಿಗೆ ಬಂತು.

ರಸ್ತೆಯ ಪಕ್ಕದಲ್ಲಿ ಗಿಡ ತಿರುವಿಹಾಕುತ್ತಿದ್ದ ಒಬ್ಬ ಹೆಂಗಸು ಕೈಯಲ್ಲಿದ್ದ ಕೋಲು ಬಿಸಾಕಿ ಓಡಿಬಂದಳು. ಹೆಚ್ಚು ಕಡಿಮೆ ನನ್ನದೇ ವಯಸ್ಸು, ಐವತ್ತರ ಆಸುಪಾಸು. ನಾನು ನೆಲದ ಮೇಲೆ ಕೂತೇ ಬೈಯಲು ಶುರುಮಾಡಿದೆ. ರಸ್ತೆ ಏನು ನಿಮ್ಮಪ್ಪನ ಮನೆ ಅಂಗಳವಾ ಎಂದೆ. ಕಾಲು ಮುರಿದಿತ್ತೇ ಹೊರತು ಬಾಯಿ ಮುರಿದಿರಲಿಲ್ಲ.

"ಬೈರಿ ತಾಯಿ, ಎಷ್ಟ್ ಬೇಕಾದ್ರೂ ಬೈರಿ. ಮೊದ್ಲು ನೆಳ್ಳಿಗೆ ಬನ್ನಿ" ಎಂದು ಅವಳು ನನ್ನ ತೋಳಿನ ಕೆಳಗೆ ಹೆಗಲು ಕೊಟ್ಟಳು. ಅವಳೇ ಸಾಕಮ್ಮ.

ಸಾಕಮ್ಮನ ಗಂಡ ರಂಗಪ್ಪ ಯಾರದೋ ಆಟೋ ತರಿಸಿ ನನ್ನನ್ನು ಗುಬ್ಬಿಗೆ ಕರೆದುಕೊಂಡು ಹೋದರು. ಮೊಣಕಾಲಿನ ಕೆಳಗಿನ ಮೂಳೆ ಬಿರುಕು ಬಿಟ್ಟಿದೆ ಎಂದು ಡಾಕ್ಟರು ತೊಡೆಯವರೆಗೆ ಪ್ಲಾಸ್ಟರ್ ಹಾಕಿದರು. ಕಾಲು ಅಲುಗಿಸಬಾರದು, ದೂರದ ಪ್ರಯಾಣ ಬೇಡ, ಮೆಟ್ಟಿಲಿನ ಮಾತಂತೂ ಎತ್ತಲೇಬಾರದು ಎಂದರು. ನನ್ನ ಮನೆಗೆ ಮೆಟ್ಟಿಲು ಬಿಟ್ಟು ಬೇರೆ ದಾರಿಯೇ ಇಲ್ಲ. ಕುಣಿಗಲ್‌ನಲ್ಲಿರುವ ತಂಗಿಗೆ ಫೋನ್ ಮಾಡಿದರೆ ಅವಳ ಮನೆಯಲ್ಲಿ ಆಗಲೇ ಅವಳ ಅತ್ತೆ ಹಾಸಿಗೆ ಹಿಡಿದು ಮಲಗಿದ್ದರು. ಆದರೂ ಬಾ ಎಂದಳು ಪಾಪ. ಆ ದಾರಿಯ ಗುಂಡಿಗಳನ್ನು ನೆನೆದೇ ನನ್ನ ಕಾಲು ಮಿಡಿಯಿತು.

ನಾನು ಹೀಗೆ ಯೋಚನೆ ಮಾಡುತ್ತಿರುವಾಗಲೇ ಸಾಕಮ್ಮ ನನ್ನ ಮಾತ್ರೆ ಚೀಟಿಯನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು, "ನಡೀರಿ, ನಮ್ಮನೇಗೆ ಹೋಗಾಣ" ಎಂದಳು. ಬೇಡ ಎಂದೆ. ಗುರುತಿಲ್ಲ ಪರಿಚಯವಿಲ್ಲ, ಯಾರದೋ ಮನೆಯಲ್ಲಿ ಹೋಗಿ ಹೇಗೆ ಬಿದ್ದುಕೊಳ್ಳುವುದು.

"ನಮ್ಮ ಕಾಳಿನ ಮ್ಯಾಲೆ ಜಾರಿ ಬಿದ್ದೋರ್ನ ಎಲ್ಗೋ ಕಳ್ಸುಬುಟ್ಟು ನಾವು ಆ ಕಾಳು ಬೇಯಿಸ್ಕೊಂಡು ತಿನ್ನಕಾಗ್ತದಾ" ಎಂದಳು.

ಹೀಗೆ ನಾನು ಆ ಮನೆ ಸೇರಿದೆ. ನಡುಮನೆಯ ಪಕ್ಕದ ಕೋಣೆಯನ್ನು ನನಗೆ ಬಿಟ್ಟುಕೊಟ್ಟರು. ಒಂದು ಕಿಟಕಿ, ಗೋಡೆಗೆ ತಾಗಿದ ಒಂದು ದೊಡ್ಡ ಹಳೇ ಮಂಚ, ಎದುರು ಮೂಲೆಯಲ್ಲಿ ಒಂದು ಮಣೆ. ರಂಗಪ್ಪನ ತಾಯಿ ನಂಜಮ್ಮ ಕೊನೆಯ ದಿನಗಳಲ್ಲಿ ಮಲಗಿದ್ದ ಮಂಚ ಅದು. ಅದನ್ನು ಸಾಕಮ್ಮ ಮೊದಲ ದಿನವೇ ಹೇಳಿ, ನಿಮಗೇನೂ ಅಳುಕಿಲ್ಲವಾ ಎಂದು ಕೇಳಿದಳು. ಬೆನ್ನಿಗೆ ಒತ್ತದಿದ್ದರೆ ಯಾರ ಮಂಚವಾದರೇನು ಎಂದೆ.

ಅಷ್ಟು ದಿನ ಒಂದೇ ಕಡೆ ಮಲಗಿದ್ದು ನನ್ನ ಬದುಕಿನಲ್ಲಿ ಅದೇ ಮೊದಲು. ಬೆಳಿಗ್ಗೆ ದೂರದಲ್ಲಿ ರೈಲು ಹೋಗುವುದು ಕೇಳುತ್ತಿತ್ತು. ಆಮೇಲೆ ಬಿದರೆಹಳ್ಳಿ ಕಾವಲಿನ ಕಾರ್ಖಾನೆ ಕಡೆಯಿಂದ ಯಾವಾಗಲಾದರೊಮ್ಮೆ ಹೆಲಿಕಾಪ್ಟರಿನ ಸದ್ದು. ಅದು ಬಿಟ್ಟರೆ ಕೋಳಿ, ಹಸು, ಹಿತ್ತಿಲಲ್ಲಿ ಸಾಕಮ್ಮ ಬಟ್ಟೆ ಒಗೆಯುವ ಸದ್ದು. ಪ್ಲಾಸ್ಟರಿನೊಳಗೆ ತುರಿಕೆ ಎದ್ದಾಗ ಮಾತ್ರ ಹುಚ್ಚು ಹಿಡಿದಂತಾಗುತ್ತಿತ್ತು. ಪೊರಕೆಯ ಕಡ್ಡಿ ಮುರಿದು ಒಳಗೆ ತೂರಿಸುತ್ತಿದ್ದೆ. ಸಾಕಮ್ಮ ಅದನ್ನು ಕಿತ್ತುಕೊಂಡು, "ಸಣ್ ಮಕ್ಳಿಗಿಂತ ಕಡೆ ಆಡ್ತೀರಲ್ಲ ಅಕ್ಕ" ಎಂದು ಗದರುತ್ತಿದ್ದಳು. ಮೊದಲ ದಿನ ತಾಯಿ ಎಂದವಳು, ಆಮೇಲೆ ಮೇಡಮ್ಮೋರೆ ಎಂದಳು, ಆಮೇಲೆ ಅಕ್ಕ ಎನ್ನತೊಡಗಿದಳು. ಯಾವ ದಿನ ಬದಲಾಯಿತೋ ಇಬ್ಬರಿಗೂ ಗೊತ್ತಾಗಲಿಲ್ಲ.

ಬಚ್ಚಲಿನ ಕೆಲಸವೂ ಮಂಚದಲ್ಲೇ, ಅವಳ ಕೈಯಲ್ಲೇ ಆಗಬೇಕು. ಪಕ್ಕಕ್ಕೆ ಹೊರಳಬೇಕೆಂದರೆ ಗಂಡ ಹೆಂಡತಿ ಇಬ್ಬರೂ ಬೇಕು. ಒಬ್ಬರು ಸೊಂಟ ಹಿಡಿದು, ಒಬ್ಬರು ಆ ಕಲ್ಲಿನಂಥ ಕಾಲನ್ನು ಎತ್ತಿ ದಿಂಬಿನ ಮೇಲಿಡಬೇಕು. ಇದನ್ನು ಯಾಕೆ ಹೇಳುತ್ತಿದ್ದೇನೆಂದರೆ, ಮುಂದೆ ನಡೆದದ್ದನ್ನು ಕೇಳಿದವರೆಲ್ಲ, ನೀನೇ ನಿದ್ದೆಗಣ್ಣಿನಲ್ಲಿ ಎದ್ದು ಹೋಗಿರಬೇಕು ಎನ್ನುತ್ತಾರೆ. ಎದ್ದು ಹೋಗುವುದಿರಲಿ, ಮಗ್ಗುಲು ಬದಲಿಸುವ ತಾಕತ್ತೂ ನನಗಿರಲಿಲ್ಲ.

ಒಂದು ಮಧ್ಯಾಹ್ನ ಸಾಕಮ್ಮ ನನ್ನ ತಲೆ ಬಾಚುತ್ತಾ ಅತ್ತೆಯ ಕಥೆ ಹೇಳಿದಳು. ಅವಳು ಆ ಮನೆಗೆ ಮದುವೆಯಾಗಿ ಬಂದಾಗ ಅವಳಿಗೆ ತಾಯಿ ಇರಲಿಲ್ಲ. ಅತ್ತೆ ಸೊಸೆ ಜಗಳವಾಡಿದ್ದು ಕಡಿಮೆಯೇ. ನಂಜಮ್ಮನಿಗೆ ಎಲೆ ಅಡಿಕೆಯ ಜೊತೆ ಹೊಗೆಸೊಪ್ಪು ಬೇಕೇ ಬೇಕು. ಊಟ ಬಿಟ್ಟರೂ ಅದನ್ನು ಬಿಡುವವರಲ್ಲ. ಮುಪ್ಪಿನಲ್ಲಿ ಜಾರಿಬಿದ್ದು ಸೊಂಟ ಮುರಿದು ಈ ಮಂಚ ಹಿಡಿದರು. ಬಾಯಲ್ಲಿ ಹುಣ್ಣಾಗಿ ಡಾಕ್ಟರು ಹೊಗೆಸೊಪ್ಪು ನಿಲ್ಲಿಸಲೇಬೇಕು ಎಂದಾಗ, ನಿಲ್ಲಿಸುವ ಕೆಲಸ ಸೊಸೆಯ ಪಾಲಿಗೆ ಬಂತು. ಮಗ ನಿಷ್ಠುರ ಕಟ್ಟಿಕೊಳ್ಳುವನೇ. ಸಾಕಮ್ಮ ಅದನ್ನು ಬಚ್ಚಿಟ್ಟಳು. ಮುದುಕಿ ಕೇಳಿತು, ಬೇಡಿತು, ಕೊನೆಗೆ ಬೈಯಿತು. ಒಂದು ದಿನ ಸಾಕಮ್ಮ ಕುಡಿಯಲು ನೀರು ತಂದರೆ ಲೋಟವನ್ನು ಕೈಯಿಂದ ತಳ್ಳಿ ನೀರು ಚೆಲ್ಲಿಬಿಟ್ಟಿತು.

"ನಿನ್ ಕೈ ನೀರು ಮುಟ್ಟಾಕಿಲ್ಲ, ಸತ್ರೂವೆ ಮುಟ್ಟಾಕಿಲ್ಲ ಅಂದುಬುಟ್ರು ಅಕ್ಕ. ಆಮ್ಯಾಕೆ ಮುಟ್ಲೇ ಇಲ್ಲ. ಇವ್ರ ಕೈಲೇ ಕುಡುದ್ರು, ಇವ್ರ ಕೈಲೇ ಪ್ರಾಣ ಬುಟ್ರು. ನಾನು ಬಾಗ್ಲಾಗೆ ನಿಂತ್ಕೊಂಡು ನೋಡ್ತಿದ್ದೆ."

ಬಾಚಣಿಗೆ ನಿಂತಿತ್ತು. ಅವಳ ಮುಖ ನನಗೆ ಕಾಣುತ್ತಿರಲಿಲ್ಲ, ನನ್ನ ಬೆನ್ನ ಹಿಂದೆ ಇದ್ದಳು.

ಪಿತೃಪಕ್ಷದ ಅಮಾವಾಸ್ಯೆ ಹತ್ತಿರ ಬರುತ್ತಿತ್ತು. ಹಿರಿಯರಿಗೆ ಎಡೆ ಇಡುವ ಹಬ್ಬ ಆ ಕಡೆ ದೊಡ್ಡ ಹಬ್ಬ. ಸತ್ತವರಿಗೆ ಏನೇನು ಇಷ್ಟವೋ ಅದನ್ನೆಲ್ಲ ಮಾಡಿ, ಹೊಸ ಬಟ್ಟೆ ಇಟ್ಟು, ಎಲೆ ಹಾಕಿ ಬಡಿಸಿ, ಪಕ್ಕದಲ್ಲಿ ಒಂದು ಲೋಟ ನೀರಿಟ್ಟು, ಧೂಪ ಹಾಕಿ, ಬಾಗಿಲು ಮುಚ್ಚಿಕೊಂಡು ಎಲ್ಲರೂ ಆಚೆ ಬರುತ್ತಾರೆ. ಹಿರಿಯರು ಬಂದು ಉಂಡು ಹೋಗಲಿ ಎಂದು. ಸ್ವಲ್ಪ ಹೊತ್ತಾದ ಮೇಲೆ ಕೆಮ್ಮಿ, ಬಾಗಿಲು ತಟ್ಟಿ ಒಳಗೆ ಹೋಗುತ್ತಾರೆ. ಲೋಟದ ನೀರು ಒಂದು ಗೆರೆಯಷ್ಟು ಕಡಿಮೆಯಾಗಿದ್ದರೂ ಹಿರಿಯರು ಕುಡಿದರು ಎಂದು ಸಮಾಧಾನ. ಆ ಮನೆಯಲ್ಲಿ ಅಡುಗೆಯೆಲ್ಲ ಸಾಕಮ್ಮನದು, ಆದರೆ ನಂಜಮ್ಮ ಸತ್ತಾಗಿನಿಂದ ಎಡೆಗೆ ನೀರಿಡುವುದು ರಂಗಪ್ಪ. ಮುಟ್ಟುವುದಿಲ್ಲ ಎಂದವರಿಗೆ ಇವಳು ಹೇಗೆ ಇಡುತ್ತಾಳೆ.

ನಾನು ಸುಮ್ಮನಿರಬೇಕಿತ್ತು. ಇಲ್ಲದ ಉಸಾಬರಿ ನನಗೆ ಹುಟ್ಟುಗುಣ. "ಸತ್ತವರಿಗೆ ಯಾವ ಹಟ ಸಾಕಮ್ಮ, ಈ ವರ್ಷ ನೀನೇ ಇಡು" ಎಂದೆ. ನನ್ನ ಲೆಕ್ಕದಲ್ಲಿ ಬರುವವರು ಯಾರೂ ಇಲ್ಲ, ಕುಡಿಯುವವರೂ ಇಲ್ಲ, ಆದ್ದರಿಂದ ಯಾರು ಇಟ್ಟರೇನು. ಆದರೆ ಅವಳಿಗೆ ಅದು ಹಾಗಲ್ಲ. ಎರಡು ದಿನ ಯೋಚಿಸಿದಳು. ಹಬ್ಬದ ಹಿಂದಿನ ಸಂಜೆ ಬಂದು ಮಂಚದ ಅಂಚಿನಲ್ಲಿ ಕೂತು, "ಇಡ್ತೀನಿ ಅಕ್ಕ. ಕುಡುದ್ರೆ ನನ್ ಪುಣ್ಯ. ಕುಡೀದಿದ್ರೆ ಇನ್ನೂ ಸಿಟ್ಟೈತೆ ಅಂತ ಗೊತ್ತಾಗ್ತದಲ್ಲ, ಅಷ್ಟೇಯ" ಎಂದಳು. ಆಗ ನನಗೆ ಹೆದರಿಕೆಯಾಯಿತು. ನಾಳೆ ಆ ನೀರು ಹಾಗೇ ತುಂಬಿ ಕೂತಿದ್ದರೆ ಈ ಹೆಂಗಸು ಬದುಕಿರುವಷ್ಟು ದಿನ ಕೊರಗುತ್ತಾಳೆ, ಅದಕ್ಕೆ ದಾರಿ ಮಾಡಿಕೊಟ್ಟವಳು ನಾನು. ಬೇಡ ಬಿಡು ಎನ್ನಲು ಹೋದರೆ ಅವಳು ಎದ್ದು ಹೋಗಿಯಾಗಿತ್ತು.

ಹಬ್ಬದ ದಿನ ಇನ್ನೊಂದು ತಾಪತ್ರಯ. ಪ್ರತಿ ವರ್ಷ ಎಡೆ ಇಡುವುದು ನಾನು ಮಲಗಿದ್ದ ಕೋಣೆಯ ಆ ಎದುರು ಮೂಲೆಯಲ್ಲಿ, ಅಲ್ಲಿದ್ದ ಮಣೆಯ ಮುಂದೆ. ಎಡೆ ಇಟ್ಟ ಕೋಣೆಯಲ್ಲಿ ಯಾರೂ ಇರಬಾರದು. ಜಾಗ ಬದಲಿಸಿ ಎಂದೆ. ಹಿರಿಯರು ಹುಡುಕಿಕೊಂಡು ಅಲೆಯುತ್ತಾರೆ, ಅದು ಆಗುವುದಿಲ್ಲ ಎಂದರು ರಂಗಪ್ಪ. ನನ್ನನ್ನು ಮಂಚದ ಸಮೇತ ನಡುಮನೆಗೆ ಸಾಗಿಸಲು ನೋಡಿದರು. ಆ ಮಂಚ ಕೋಣೆಯೊಳಗೇ ಹುಟ್ಟಿದ್ದಿರಬೇಕು, ಹೇಗೆ ತಿರುಗಿಸಿದರೂ ಬಾಗಿಲಲ್ಲಿ ತೂರಲಿಲ್ಲ. ನೆಲದ ಮೇಲೆ ಮಲಗಿಸಿದರೆ ನನ್ನನ್ನು ಮತ್ತೆ ಎಬ್ಬಿಸಲು ಊರೇ ಬರಬೇಕು. ಅತ್ತಿತ್ತ ಎಳೆದಾಡಿದ್ದಕ್ಕೆ ಕಾಲು ನೋಯತೊಡಗಿ ನಾನು ಕಿರುಚಿದೆ. ಕೊನೆಗೆ ರಂಗಪ್ಪ ತಲೆ ಕೆರೆದುಕೊಂಡು ತೀರ್ಪು ಕೊಟ್ಟರು.

"ಕಾಯ್ಲೆಯೋರು ಇದ್ರೆ ಹಿರೇರು ಬ್ಯಾಸ್ರ ಮಾಡ್ಕಳಲ್ಲ ಕಣಕ್ಕ. ಗೋಡೆ ಕಡೆ ಮೊಕ ಮಾಡ್ಕೊಂಡು ಮಲ್ಕಳಿ. ತಿರುಗಿ ಮಾತ್ರ ನೋಡ್ಬ್ಯಾಡಿ. ಉಣ್ಣೋರ್ನ ನೋಡ್ತಾ ಇದ್ರೆ ಅವ್ರಿಗೆ ನಾಚ್ಕೆ."

ನೋಡುವುದಿಲ್ಲ ಎಂದು ಮಾತು ಕೊಟ್ಟೆ. ದೀಪ ಹಚ್ಚುವ ಹೊತ್ತಿಗೆ ಇಬ್ಬರೂ ಸೇರಿ ನನ್ನನ್ನು ಗೋಡೆಯ ಕಡೆ ಹೊರಳಿಸಿ, ಕಾಲಿನ ಕೆಳಗೆ ದಿಂಬು ಕೊಟ್ಟರು. ಬೆನ್ನ ಹಿಂದೆ ಎಲೆ ಹಾಕುವ ಸದ್ದು, ಬಡಿಸುವ ಸದ್ದು. ಮುದ್ದೆ, ಕೋಳಿ ಸಾರು, ಒಬ್ಬಟ್ಟು, ವಡೆಗಳ ವಾಸನೆ. ಕೊನೆಯಲ್ಲಿ ಬಳೆಯ ಸದ್ದಾಯಿತು, ಲೋಟ ನೆಲಕ್ಕೆ ತಾಗಿದ ಸದ್ದಾಯಿತು. ಸಾಕಮ್ಮ ನೀರಿಟ್ಟಳು ಎಂದುಕೊಂಡೆ. ಸಾಂಬ್ರಾಣಿ ಹಾಕಿದರು. ಬಾಗಿಲು ಮುಚ್ಚಿ ಆಚೆಯಿಂದ ಚಿಲಕ ಹಾಕಿಕೊಂಡರು. ನಡುಮನೆಯಲ್ಲಿ ಅವರಿಬ್ಬರೂ ಬಾಗಿಲಿನ ಮುಂದೆಯೇ ಕೂತು ಮೆಲ್ಲಗೆ ಮಾತಾಡಿಕೊಳ್ಳುತ್ತಿದ್ದುದು ನನಗೆ ಕೇಳುತ್ತಿತ್ತು.

ಮುಂದಿನದನ್ನು ನಡೆದದ್ದು ನಡೆದ ಹಾಗೆ ಹೇಳುತ್ತೇನೆ. ಕೋಣೆ ತುಂಬ ಹೊಗೆ ತುಂಬಿಕೊಂಡು ನನಗೆ ಗಂಟಲು ಒಣಗಿತು. ಬೆಳಗಿನಿಂದ ಎಳೆದಾಡಿಸಿಕೊಂಡು ದಣಿದಿದ್ದೆ. ಸಣ್ಣಗೆ ತೂಕಡಿಕೆ ಬರುತ್ತಿತ್ತು, ಆದರೆ ನಿದ್ದೆ ಬಂದಿರಲಿಲ್ಲ. ಆಚೆ ರಂಗಪ್ಪ ಹಸುವಿನ ವಿಷಯ ಏನೋ ಹೇಳುತ್ತಿದ್ದುದು ಕೇಳುತ್ತಲೇ ಇತ್ತು. ಆಗ ಕಾಲಿನ ಕಡೆ ಮಂಚ ಸ್ವಲ್ಪ ಕುಸಿಯಿತು, ಯಾರೋ ಕೂತಂತೆ. ಪ್ಲಾಸ್ಟರಿನ ಮೇಲೆ ಒಂದು ಕೈ ಬಂತು. ಪ್ಲಾಸ್ಟರಿನ ಮೇಲಿಟ್ಟ ಕೈ ಒಳಗಿನ ಕಾಲಿಗೆ ತಿಳಿಯುವುದಿಲ್ಲ, ಬೇಕಾದರೆ ಪ್ಲಾಸ್ಟರ್ ಹಾಕಿಸಿಕೊಂಡವರನ್ನು ಕೇಳಿ. ನನಗೆ ತಿಳಿಯಿತು. ಬೆಳಗಿನಿಂದ ಜೀವ ತಿನ್ನುತ್ತಿದ್ದ ತುರಿಕೆ ನಿಂತುಹೋಯಿತು.

ಸಾಕಮ್ಮನೇ ನೇಮ ಮುರಿದು ಒಳಗೆ ಬಂದಿದ್ದಾಳೆ ಎಂದುಕೊಂಡೆ. ಬಾಗಿಲು ತೆರೆದ ಸದ್ದು ಕೇಳಲಿಲ್ಲ ಎಂಬುದು ಆಗ ಹೊಳೆಯಲೇ ಇಲ್ಲ. "ಬಾಯಾರಿಕೆ ಕಣಮ್ಮ, ಒಂಚೂರು ನೀರು" ಎಂದೆ. ಮಂಚ ಹಗುರವಾಯಿತು. ಸ್ವಲ್ಪ ಹೊತ್ತಿಗೆ ನನ್ನ ತಲೆಯ ಹಿಂದೆ ಒಂದು ಕೈ ಬಂದು, ಕತ್ತು ನೋಯದ ಹಾಗೆ ತಲೆಯನ್ನು ಎತ್ತಿ ಹಿಡಿಯಿತು. ಇನ್ನೊಂದು ಕೈ ತುಟಿಗೆ ಲೋಟ ತಾಗಿಸಿತು. ಕಣ್ಣು ಮುಚ್ಚಿಕೊಂಡೇ ಕುಡಿದೆ. ನೀರು ಬೆಚ್ಚಗಿತ್ತು, ಗಂಟಲಿಗೆ ಹಿತವಾಗಿತ್ತು. ಗುಟುಕು ಗುಟುಕಾಗಿ, ನಡುವೆ ಉಸಿರು ತೆಗೆದುಕೊಳ್ಳಲು ಬಿಟ್ಟು, ಪೂರ್ತಿ ಕುಡಿಸಿದರು. ಆಮೇಲೆ ಸೆರಗಿನ ತುದಿಯಿಂದ ನನ್ನ ಬಾಯಿ ಒರೆಸಿದರು. ಬಹಳ ಸಲ ಒಗೆದು ಮೆತ್ತಗಾದ ನೂಲಿನ ಬಟ್ಟೆ ಅದು. ಬಟ್ಟೆಯ ವಿಷಯದಲ್ಲಿ ನಾನು ತಪ್ಪುವವಳಲ್ಲ. ನಮ್ಮಮ್ಮ ಹೋದ ಮೇಲೆ ನನ್ನ ಬಾಯನ್ನು ಯಾರೂ ಒರೆಸಿರಲಿಲ್ಲ. ನನಗೆ ಅಳು ಬಂತು. ಹೆದರಿಕೆ ಒಂಚೂರೂ ಇರಲಿಲ್ಲ. ಕೊಟ್ಟ ಮಾತಿನಂತೆ ನಾನು ತಿರುಗಿ ನೋಡಲಿಲ್ಲ.

ಆಮೇಲೆ ಬಾಗಿಲಾಚೆ ರಂಗಪ್ಪ ಕೆಮ್ಮಿದರು. ಬಾಗಿಲು ತಟ್ಟಿದರು. ಚಿಲಕ ತೆಗೆದ ಸದ್ದು ಸ್ಪಷ್ಟವಾಗಿ ಕೇಳಿತು, ಹಳೇ ಚಿಲಕ, ಕಿರ್ರೆಂದು ಕಿರುಚುವಂಥದ್ದು. ಇದು ಆಗ ಯಾಕೆ ಕಿರುಚಲಿಲ್ಲ ಎಂದು ನನಗೆ ಅನ್ನಿಸುವಷ್ಟರಲ್ಲೇ ಸಾಕಮ್ಮನ ದನಿ ಕೇಳಿತು.

"ನೀರಿಲ್ಲ" ಎಂದಳು. ಮತ್ತೆ ಬಳೆಯ ಸದ್ದಾಯಿತು. "ಲೋಟದಾಗೆ ಒಂದ್ ತೊಟ್ಟೂ ಇಲ್ಲ ಕಣ್ರೀ" ಎಂದಳು.

ಅವಳು ನೆಲಕ್ಕೆ ಕುಸಿದು ಕೂತು ಅತ್ತದ್ದು ನನಗೆ ಕೇಳಿತು. ರಂಗಪ್ಪ ಲೋಟವನ್ನು ಎತ್ತಿ ನೋಡಿದರಂತೆ, ಸುತ್ತಲ ನೆಲ ಮುಟ್ಟಿ ನೋಡಿದರಂತೆ, ಎಲ್ಲೂ ಚೆಲ್ಲಿರಲಿಲ್ಲವಂತೆ. "ಕುಡುದವ್ರೆ ಕಣೇ, ನಿನ್ ಕೈ ನೀರು ಕುಡುದವ್ರೆ" ಎಂದರು. ನಾನು ಗೋಡೆ ನೋಡುತ್ತಾ ಕಲ್ಲಿನಂತೆ ಮಲಗಿದ್ದೆ. ಆ ನೀರು ನನ್ನ ಹೊಟ್ಟೆಯಲ್ಲಿತ್ತು.

ಅವತ್ತು ರಾತ್ರಿ ನನ್ನನ್ನು ಈಚೆ ಹೊರಳಿಸಿದ ಮೇಲೆ ಸಾಕಮ್ಮ ನನ್ನ ಪಕ್ಕದಲ್ಲೇ ಕೂತು ಹೊಟ್ಟೆ ತುಂಬ ಉಂಡಳು. ಅತ್ತೆ ಸತ್ತ ಮೇಲೆ ಈ ಹಬ್ಬದಲ್ಲಿ ತುತ್ತು ಇಳಿದದ್ದು ಇದೇ ಮೊದಲು ಎಂದಳು. ನನಗೆ ಯಾವ ಮಾತೂ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಅದು ನನ್ನ ಜಾಯಮಾನ. ಆದರೂ ಅವತ್ತು ಅವಳ ಮುಖ ನೋಡಿ ತಡೆದುಕೊಂಡೆ. ಹೇಳಿದರೆ ಇವಳ ನೆಮ್ಮದಿ ಹೋಗುತ್ತದೆ. ಹೇಳದಿದ್ದರೆ ಅವಳು ನಂಬಿದ್ದು ಸುಳ್ಳು, ಆ ಸುಳ್ಳನ್ನು ಕಾಯುವವಳು ನಾನು. ಮಗ್ಗುಲು ಬದಲಿಸಲಾಗದೆ ಬೆಳಗಿನವರೆಗೂ ಅದನ್ನೇ ಯೋಚಿಸಿದೆ.

ಬೆಳಿಗ್ಗೆ ಅವಳು ಮುಖ ತೊಳೆಸಲು ಬಂದು, ನೀವು ಹೇಳಿದ್ದಕ್ಕೇ ನಾನು ನೀರಿಟ್ಟಿದ್ದು ಅಕ್ಕ, ನಿಮ್ಮ ಋಣ ತೀರಿಸಲಾಗುವುದಿಲ್ಲ ಎಂದಳು. ಅದೊಂದು ಮಾತು ಆಡದಿದ್ದರೆ ನಾನು ಇವತ್ತಿಗೂ ಬಾಯಿ ಬಿಡುತ್ತಿರಲಿಲ್ಲವೇನೋ. ಹೇಳಿಬಿಟ್ಟೆ. ನೀರು ಕುಡಿದವಳು ನಾನು ಸಾಕಮ್ಮ, ಯಾರೋ ಕುಡಿಸಿದರು, ನೀನೇ ಎಂದುಕೊಂಡೆ, ನಿಮ್ಮತ್ತೆ ಕುಡಿಯಲಿಲ್ಲ ಎಂದೆ.

ಅವಳು ಒದ್ದೆ ಬಟ್ಟೆ ಹಿಡಿದುಕೊಂಡು ಹಾಗೇ ನಿಂತಳು. ಮುಖ ಕಪ್ಪಿಟ್ಟಿತು. ನನ್ನ ನಾಲಿಗೆ ಕಿತ್ತು ಬಿಸಾಕಬೇಕೆನ್ನಿಸಿತು ನನಗೆ. ಅವಳು ಬಟ್ಟೆ ಹಿಂಡಿ ಪಕ್ಕಕ್ಕಿಟ್ಟು, "ಹೆಂಗ್ ಕುಡಿಸುದ್ರು" ಎಂದು ಕೇಳಿದಳು. ತಲೆ ಎತ್ತಿ ಹಿಡಿದದ್ದು, ಉಸಿರಿಗೆ ಬಿಟ್ಟು ಬಿಟ್ಟು ಕುಡಿಸಿದ್ದು, ಬಾಯಿ ಒರೆಸಿದ್ದು, ಎಲ್ಲ ಹೇಳಿದೆ. ಬೆಚ್ಚಗಿನ ನೀರು ಗಂಟಲಿಗೆ ಹಿತವಾಗಿತ್ತು ಎಂದೂ ಹೇಳಿದೆ.

"ಬೆಚ್ಚಗಿತ್ತಾ" ಎಂದಳು ಸಾಕಮ್ಮ. "ನಾನಿಟ್ಟಿದ್ದು ಮಡಕೆ ನೀರು ಕಣಕ್ಕ. ತಣ್ಣನ್ ನೀರು."

ಆಮೇಲೆ ಅವಳು ಮಂಚದ ಮೇಲೆ, ನನ್ನ ಕಾಲಿನ ಪಕ್ಕ, ಮೆಲ್ಲಗೆ ಕೂತಳು. ಈಗ ಮದುವೆಯಾಗಿ ಹೋಗಿರುವ ಮಗಳು ಹುಟ್ಟಿದಾಗ, ಸಾಕಮ್ಮನ ಬಾಣಂತನದಲ್ಲಿ ನಂಜಮ್ಮ ಅವಳಿಗೆ ತಣ್ಣೀರು ಮುಟ್ಟಲು ಬಿಟ್ಟವರಲ್ಲವಂತೆ. ಎಷ್ಟು ಹೊತ್ತಿನಲ್ಲಿ ಕೇಳಿದರೂ ಒಲೆ ಹಚ್ಚಿ ನೀರು ಬೆಚ್ಚಗೆ ಮಾಡಿ, ಹಿಂದಿನಿಂದ ತಲೆ ಎತ್ತಿ ಹಿಡಿದು ಕುಡಿಸಿ, ಸೆರಗಿನಲ್ಲಿ ಬಾಯಿ ಒರೆಸುತ್ತಿದ್ದರಂತೆ. ತಾಯಿ ಇಲ್ಲದ ಹುಡುಗಿ ಎಂದು. ಮಲಗಿದವರಿಗೆ ತಣ್ಣೀರು ಕೊಡಬಾರದು ಎಂಬುದು ಅವರ ಮಾತು.

ನನಗೆ ಸಮಾಧಾನವಾಗಲಿಲ್ಲ. ಆದರೂ ಅವರು ಕುಡಿಯಲಿಲ್ಲವಲ್ಲಮ್ಮ ಎಂದೆ. ನನ್ನ ಬಾಯಿಗೆ ಬೀಗವೇ ಇಲ್ಲ ನೋಡಿ.

ಸಾಕಮ್ಮ ಕಣ್ಣು ಒರೆಸಿಕೊಂಡಳು. "ಕುಡೀಲಿಲ್ಲ, ಸರಿ. ಆದ್ರೆ ಚೆಲ್ಲಲಿಲ್ವಲ್ಲ ಅಕ್ಕ" ಎಂದಳು. "ನಾನಿಟ್ಟಿದ್ನ ಕೈಯಾಗೆ ತಗಂಡು, ಬೆಚ್ಚಗ್ ಮಾಡಿ, ನಮ್ಮನೇಗೆ ಬಂದೋರಿಗೆ ಕೊಟ್ರಲ್ಲ. ಸಿಟ್ಟಿರೋರು ಹಂಗ್ ಮಾಡ್ತಾರಾ."

ಪ್ಲಾಸ್ಟರ್ ತೆಗೆಸಿ, ಕೋಲು ಹಿಡಿದು ನಡೆಯುವಂತಾಗಿ ನಾನು ತುಮಕೂರಿಗೆ ವಾಪಸು ಬಂದೆ. ಅವತ್ತಿನಿಂದ ಇವತ್ತಿನವರೆಗೆ ಈ ಗಂಟನ್ನು ಬಿಚ್ಚಲು ನೋಡುತ್ತಲೇ ಇದ್ದೇನೆ. ಮಾತ್ರೆಯ ಮಂಪರು ಕಣೇ ಎನ್ನುತ್ತಾಳೆ ತಂಗಿ. ನೋವಿನ ಮಾತ್ರೆ ನುಂಗುವುದು ರಾತ್ರಿ ಊಟವಾದ ಮೇಲೆ, ಆಗಿನ್ನೂ ನುಂಗಿರಲಿಲ್ಲ. ಮಂಪರಿನಲ್ಲಿ ಕಂಡ ಕನಸೇ ಆದರೂ ಲೋಟ ಬರಿದಾದದ್ದು ಹೇಗೆ. ಸಾಕಮ್ಮನೇ ಒಳಗೆ ಬಂದು ಕುಡಿಸಿದಳೇ ಎಂದರೆ ರಂಗಪ್ಪ ಅವಳ ಪಕ್ಕದಲ್ಲಿ ಕೂತಿದ್ದರು, ಇಬ್ಬರ ಮಾತೂ ನನಗೆ ಕೇಳುತ್ತಿತ್ತು. ಧೂಪದ ಕೆಂಡಕ್ಕೆ ನೀರು ಬೆಚ್ಚಗಾಯಿತೇ ಎಂದು ಮನೆಯಲ್ಲಿ ಒಂದು ದಿನ ಕೆಂಡ ಮಾಡಿ ಪಕ್ಕದಲ್ಲಿ ನೀರಿಟ್ಟು ನೋಡಿದ್ದೇನೆ, ಆಗಲಿಲ್ಲ. ನನಗೆ ಈಗಲೂ ದೆವ್ವ ಭೂತದಲ್ಲಿ ನಂಬಿಕೆಯಿಲ್ಲ. ಆದರೆ ಯಾರಾದರೂ ಸತ್ತವರ ಮಾತೆತ್ತಿದರೆ ಮೊದಲಿನ ಹಾಗೆ ಬಾಯಿ ಮುಚ್ಚಿಸಲು ಹೋಗುವುದಿಲ್ಲ. ಎದ್ದು ಒಳಗೆ ಹೋಗಿ ಏನಾದರೂ ಕೆಲಸ ಹುಡುಕಿಕೊಳ್ಳುತ್ತೇನೆ.

ಆ ವರ್ಷದಿಂದ ಎಡೆಗೆ ನೀರಿಡುವುದು ಸಾಕಮ್ಮನೇ. ಹಬ್ಬದ ಮಾರನೇ ದಿನ ನಾನು ಫೋನ್ ಮಾಡುತ್ತೇನೆ. ಕಳೆದ ಸಲವೂ ಮಾಡಿದೆ. ಕಾಲು ಹೇಗಿದೆ, ಕರು ಹೇಗಿದೆ ಎಂದೆಲ್ಲ ಆದ ಮೇಲೆ, ನೀರು ಏನಾಯಿತು ಎಂದು ಕೇಳಿದೆ.

"ತುಂಬಿದಂಗೇ ಇತ್ತು ಕಣಕ್ಕ" ಎಂದಳು.

ಅವಳ ದನಿಯಲ್ಲಿ ಎಲ್ಲಾದರೂ ದುಃಖವಿದೆಯೇ ಎಂದು ಕಿವಿಗೊಟ್ಟು ಕೇಳಿದೆ. ಇರಲಿಲ್ಲ.

"ಮನೇಲಿ ಬಾಯಾರ್ದೋರು ಯಾರೂ ಇರ್ಲಿಲ್ವಲ್ಲ, ಅದ್ಕೆ" ಎಂದಳು.